ಗೂಳಿಗುಡ್ಡಕ್ಕೆ ಬರಬೇಕಿದ್ದ ಮಂದಿ

ಬೇವಿನ ಮರದ ಕೆಳಗೆ ನಾವು ನಾಲ್ವರು ಕೂತಿದ್ದೆವು. ಗೋಣಿಚೀಲ ಮಡಿಸಿ, ಅದರ ಮೇಲೆ ಮತ್ತೆ ತಮ್ಮ ಟವೆಲು ಹಾಸಿಕೊಂಡು ಕೂತವರು ಶ್ರೀಪಾದರಾಯರು. ಬಳ್ಳಾರಿಯ ಗಾಂಧಿನಗರದವರು, ಜೀವಮಾನವೆಲ್ಲ ಮಕ್ಕಳಿಗೆ ಭೂಗೋಳ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಅವರ ಎದುರಿಗೆ, ಕಂಬಳಿಯನ್ನು ಹೆಗಲಿನಿಂದ ಇಳಿಸದೆ ಕುಕ್ಕರಗಾಲಿನಲ್ಲಿ ಕೂತವನು ಗಾದಿಲಿಂಗಪ್ಪ, ಕುರಿ ಸಾಕಿದವನು, ಗುಡ್ಡದ ಬುಡದ ಆ ಕೇರಿಯ ಹಿರಿಯ. ಮನೆಯ ಹೊಸ್ತಿಲ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ಎರ್ರೆಮ್ಮ. ಬೇವಿನ ಮರವೂ ಮನೆಯೂ ಅವಳವೇ. ನಾಲ್ಕನೆಯವನು ನಾನು. ಬಳ್ಳಾರಿಯ ಒಂದು ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ರಾಯರ ಹಳೆಯ ವಿದ್ಯಾರ್ಥಿ ಅನ್ನುವ ತಪ್ಪಿಗೆ ನನ್ನ ಭಾನುವಾರಗಳೆಲ್ಲ ಅವರ ಪಾಲಾಗಿದ್ದವು.

ಹೀಗೆ ಮಂದಿಯನ್ನು ಮೊದಲು ಕೂರಿಸುವುದನ್ನು ನಾನು ಕಲಿತದ್ದು ಸಿರುಗುಪ್ಪದ ನಮ್ಮಜ್ಜಿಯಿಂದ. ನಾನು ಏನಾದರೂ ಹೇಳಲು ಹೋಗಿ ತಡವರಿಸಿದರೆ, "ಮಂದಿನ್ನ ಕುಂದ್ರಸಲೇ ಮೊದಲ, ಆಮ್ಯಾಲೆ ಮಾತು ತಗಿ" ಅನ್ನುತ್ತಿದ್ದಳು.

ಮೊನ್ನೆ ನಮ್ಮ ಓಣಿಯಲ್ಲಿ ಯಾರೋ ಹಳೆಯ ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಈಗೆಲ್ಲ ಡಬ್ಬಿಯ ಬಣ್ಣದ ಕಾಲ. ಸುಣ್ಣದ ಕಲ್ಲನ್ನು ನೀರಿಗೆ ಹಾಕುವುದನ್ನು ನೋಡಿಯೇ ವರ್ಷಗಳಾಗಿದ್ದವು. ಕಲ್ಲು ನೀರಿಗೆ ಬಿದ್ದು ಬುಸುಗುಟ್ಟಿತು. ಆ ಬಿಸಿ ಹಬೆ, ಒದ್ದೆ ಗೋಡೆಯಂಥ, ಹೊಸ ಮಡಕೆಯಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿ ತರಕಾರಿ ಚೀಲ ಹಿಡಿದು ರಸ್ತೆಯಲ್ಲೇ ನಿಂತುಬಿಟ್ಟೆ. ಎಪ್ಪತ್ತರ ದಶಕದ ನಡುವಿನ ಆ ಚಳಿಗಾಲ, ಕುರುಗೋಡಿನ ಆ ಗುಡ್ಡ, ಆ ಬೇವಿನ ನೆರಳು ಎಲ್ಲ ಎದುರಿಗೆ ಬಂತು. ಬಂದದ್ದು ಇನ್ನೂ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕುರುಗೋಡಿನ ಬೆನ್ನಿಗೆ ಗುಡ್ಡಗಳ ಸಾಲಿದೆ. ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು ಬಂಡೆ, ಯಾರೋ ಪೇರಿಸಿಟ್ಟು ಮರೆತುಹೋದ ಹಾಗೆ. ಅವುಗಳಲ್ಲಿ ಒಂದನ್ನು ಕೇರಿಯವರು ಗೂಳಿಗುಡ್ಡ ಅನ್ನುತ್ತಿದ್ದರು. ಮೇಲಿನ ಕರಿಬಂಡೆಗಳ ಮೇಲೆ ಯಾವುದೋ ಕಾಲದ ಜನ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಗೂಳಿಗಳನ್ನು ಮೂಡಿಸಿದ್ದರು. ಉದ್ದ ಕೊಂಬು, ಎತ್ತಿದ ಹಿಣಿಲು, ತೆಳ್ಳನೆಯ ಬಾಲ. ಬೆಳಗಿನ ಎಳೆಬಿಸಿಲಿನಲ್ಲಿ ಮಾತ್ರ ಕಾಣಿಸುತ್ತಿದ್ದವು. ಹೊತ್ತು ನೆತ್ತಿಗೆ ಬಂದರೆ ಬಂಡೆಯೊಳಗೆ ಸೇರಿಬಿಡುತ್ತಿದ್ದವು. ಸಂಗನಕಲ್ಲಿನ ಗುಡ್ಡದಲ್ಲಿಯೂ ಇಂಥವಿದ್ದವು. ಅಲ್ಲಿಗೆ ಓದಿದವರು ಬಂದು ಹೋಗುತ್ತಿದ್ದರು. ನಮ್ಮ ಗುಡ್ಡಕ್ಕೆ ಕುರಿ ಬಿಟ್ಟರೆ ಗಾದಿಲಿಂಗಪ್ಪ, ಗಾದಿಲಿಂಗಪ್ಪನನ್ನು ಬಿಟ್ಟರೆ ಕುರಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಯಾರೋ ಬಂದು ಗುಡ್ಡದ ಬುಡದ ಬಂಡೆಗಳಿಗೆ ಕೆಂಪು ಗುರುತು ಹಾಕಿ ಹೋಗಿದ್ದರು. ಕಲ್ಲು ಒಡೆಯಲು ಗುಡ್ಡವನ್ನು ಗುತ್ತಿಗೆಗೆ ಕೇಳಿದ್ದಾರೆ ಅನ್ನುವ ಸುದ್ದಿ ಹಿಂದೆಯೇ ಬಂತು. ಮದ್ದು ಇಟ್ಟು ಸಿಡಿಸಿದರೆ ಬುಡದ ಮನೆಗಳನ್ನು ಎಬ್ಬಿಸಲೇಬೇಕು. ಮೊಟ್ಟಮೊದಲಿಗೆ ಎರ್ರೆಮ್ಮನ ಮನೆ.

ಅವಳಿಗೆ ಹೋಗಲು ಜಾಗವಿಲ್ಲ ಎಂದೇನಲ್ಲ. ಗಂಡ ತೀರಿದಾಗಿನಿಂದ ಹಚ್ಚೊಳ್ಳಿಯ ಅಣ್ಣ ಕರೆಯುತ್ತಲೇ ಇದ್ದ. ಕಾಲುವೆ ನೀರು, ಭತ್ತದ ಗದ್ದೆ, ತುಂಬಿದ ಮನೆ. ರಾಯರೇ ಒಮ್ಮೆ, "ಅಲ್ಲಿಗೆ ಹೋದ್ರ ಸುಖವಾಗಿ ಇರ್ತೀಯಲ್ಲವ್ವ" ಅಂದಾಗ ಅವಳು ಕೈಯ ಕೆಲಸ ಬಿಡದೆ ಹೇಳಿದ್ದಳು:

"ಸುಖಕ್ಕೇನ್ ಕಡಿಮಿ ಇಲ್ರಿ. ನಮ್ಮಣ್ಣ ಬಂಗಾರದಂಥಾವ. ಆದ್ರ ಆ ಮನಿಯಾಗ ನಾನು ಉಣ್ಣಾಕಿ ಆಗ್ತೀನಿ. ಇಲ್ಲಿ ಉಣಸಾಕಿ ಅದೀನಿ."

ನಿಜ. ಕುರಿ ಕಾಯುವವರು, ಸೌದೆಯವರು, ಮೆಣಸಿನಕಾಯಿ ಬಿಡಿಸಲು ಬಂದ ಕೂಲಿಯವರು, ದಾರಿ ತಪ್ಪಿದವರು, ಆ ಗುಡ್ಡದ ಬಳಿ ಹೊತ್ತು ಮೀರಿದ ಯಾರೂ ಆ ಹೊಸ್ತಿಲಿನಿಂದ ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ. ಇದ್ದವರು ಒಂದು ಸೇರು ಜೋಳ ಇಟ್ಟು ಹೋಗುತ್ತಿದ್ದರು, ಇಲ್ಲದವರು ಹಾಗೇ ಹೋಗುತ್ತಿದ್ದರು.

ರಾಯರಿಗೆ ಯೋಚನೆ ಹೊಳೆದದ್ದು ಆ ಹೊಸ್ತಿಲನ್ನು ನೋಡಿಯೇ. ಹಂಪಿಗೆ ಅಷ್ಟು ಜನ ಬರುತ್ತಾರೆ. ಅವರಲ್ಲಿ ನಾಲ್ಕು ಜನ ಈ ಕಡೆ ತಿರುಗಿದರೂ ಸಾಕು, ಗುಡ್ಡ ನೋಡುವ ಗುಡ್ಡವಾಗುತ್ತದೆ, ಒಡೆಯುವ ಗುಡ್ಡವಾಗುವುದಿಲ್ಲ. ಒಂದು ಯೋಜನೆ ಬರೆದು, ನಕ್ಷೆ ಲಗತ್ತಿಸಿ ಸರಕಾರಕ್ಕೆ ಕಳಿಸುವುದು. ಮದ್ರಾಸು ಸರಕಾರದ ಕಾಲದಲ್ಲಿ ಓದಿದವರು ಅವರು; ಸರಿಯಾಗಿ ಬರೆದ ಅರ್ಜಿಗೆ ಸರಿಯಾದ ಉತ್ತರ ಬಂದೇ ಬರುತ್ತದೆ ಎಂದು ನಂಬಿದ್ದರು.

ಆ ಮೊದಲ ಭಾನುವಾರ ಬೇವಿನ ಮರದ ಕೆಳಗೆ ನಡೆದ ಚರ್ಚೆ ಇದೇ.

"ಗುಡ್ಡದ ಮ್ಯಾಲೆ ಏನೂ ಕಟ್ಟಕೂಡದು," ಎಂದರು ರಾಯರು. "ಬಂಗ್ಲೆ ಬ್ಯಾಡ, ಮೋಟಾರ್ ರೋಡ್ ಬ್ಯಾಡ. ಕುರಿ ಹೋಗೋ ಹಾದಿನೇ ಹಾದಿ. ದಿನಕ್ಕ ಒಂದು ಬಂಡಿ ತುಂಬೋಷ್ಟು ಜನ ಸಾಕು."

"ಯಾಕ್ರಿ, ಎರಡು ಬಂಡಿ ಬಂದ್ರ ಗುಡ್ಡ ಸವಿತೈತೇನು?" ಗಾದಿಲಿಂಗಪ್ಪ ಕೇಳಿದ.

"ಮ್ಯಾಲಿನ ದೊಣಿಯೊಳಗ ನೀರೆಷ್ಟು ಅದ ನೀನೇ ಹೇಳು."

ದೊಣಿ ಎಂದರೆ ಬಂಡೆಯ ನಡುವೆ ಮಳೆನೀರು ನಿಲ್ಲುವ ಹೊಂಡ. ಗಾದಿಲಿಂಗಪ್ಪ ಯೋಚಿಸಿ, "ಕುರಿಗೆ ಬಿಟ್ಟು ಉಳದದ್ದು ಒಂದು ಬಂಡಿ ಮಂದಿಗೆ ಆಗತೈತಿ ನೋಡ್ರಿ" ಎಂದ. ಆಮೇಲೆ ಗಂಭೀರವಾಗಿ, "ಆದ್ರ ರಾಯರ, ಒಂದು ಮಾತು. ಆ ಮಂದಿ ಚೊಂಬು ಹಿಡಕೊಂಡು ಎತ್ತಾಗ ಹೋಗಬೇಕು? ಗುಡ್ಡದ ಮ್ಯಾಲಂತೂ ನಾ ಬಿಡಂಗಿಲ್ಲ" ಎಂದ.

ರಾಯರು ನನ್ನ ಕಡೆ ತಿರುಗಿ, "ಬರ್ಕೋಪ್ಪಾ, ಇದು ಮುಖ್ಯ" ಎಂದರು. ಪಡುವಣ ದಿಕ್ಕಿನ ಜಾಲಿ ಮೆಳೆಯ ಹತ್ತಿರ ತಗಡಿನ ಎರಡು ಗೂಡುಗಳನ್ನು ಗುರುತು ಮಾಡಿದೆ. ನಮ್ಮ ಯೋಜನೆಯಲ್ಲಿ ಮೊಟ್ಟಮೊದಲು ನಕ್ಷೆಗೆ ಏರಿದ ಕಟ್ಟಡ ಅದು.

"ಊಟಕ್ಕ ಹೋಟೆಲ್ ಬ್ಯಾಡ," ರಾಯರು ಮುಂದುವರಿಸಿದರು. "ಬಂದವರು ಎರ್ರೆಮ್ಮನ ಮನಿಯೊಳಗೇ ಉಣ್ಣಬೇಕು. ಮಂದಿ ಹೆಚ್ಚಾದ್ರ ಕೇರಿಯ ಉಳಿದ ಮನಿಗಳು, ಸರದಿ ಮ್ಯಾಲೆ. ಮುತ್ತುಗದ ಎಲಿ ಊಟ. ಉಂಡ ಎಲಿ ತಿಪ್ಪಿಗೆ, ತಿಪ್ಪಿ ಹೊಲಕ್ಕ. ಒಂದು ಕಸ ಉಳಿಯೂದಿಲ್ಲ."

ಎರ್ರೆಮ್ಮ ಅವರೆಕಾಯಿಯಿಂದ ಕಣ್ಣೆತ್ತಿದಳು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ರಾಯರು ಚೀಲದಿಂದ ತಮ್ಮ ಹಿತ್ತಾಳೆ ಡಬ್ಬಿ ತೆಗೆದು, ಮರದ ಆಚೆ ಬದಿಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತು, ಹೆಂಡತಿ ಕಟ್ಟಿಕೊಟ್ಟ ಮೊಸರವಲಕ್ಕಿ ತಿನ್ನತೊಡಗಿದರು. ನೀರೂ ಅವರದೇ ತಂಬಿಗೆಯದು. ವೈಷ್ಣವ ಮನೆತನ, ಮಡಿ. ಹೊರಗೆ ಬೇಯಿಸಿದ್ದನ್ನು ಮುಟ್ಟುವವರಲ್ಲ.

ಎರ್ರೆಮ್ಮ ಅವರ ಬೆನ್ನಿಗೆ ಹೇಳಿದಳು: "ರಾಯರ, ನೀವ ಉಣ್ಣದ ಮನಿಯಾಗ ಪರದೇಶದವ್ರು ಉಣಬೇಕಂತ ಬರ್ಸಾಕ ಹತ್ತೀರಲ್ಲ, ಅವ್ರೇನ್ ಹೊಟ್ಟಿ ಗಟ್ಟಿ ಮಾಡ್ಕೊಂಡು ಬರ್ತಾರೇನ್ರಿ?"

ಗಾದಿಲಿಂಗಪ್ಪ ಕಂಬಳಿಯೊಳಗೇ ನಕ್ಕ. ರಾಯರು ಹಿಂತಿರುಗದೆ, "ನನಗೇನಿಲ್ಲವ್ವ, ಮನಿಯಾಗ ಇಂದಿರಾಬಾಯಿ ಇದ್ದಾಳ" ಎಂದರು.

"ಅವ್ರಿಗೆ ಯಾರು ಹೇಳ್ತಾರ್ರಿ, ಈ ಬೇವಿನ ಗಿಡ ಹೇಳತೈತೇನು?"

"ಹೇಳೂದ ಬ್ಯಾಡ. ನನ್ನ ಮಾರಿ ನೋಡಿದ್ರ ಆಕಿಗೆ ತಿಳೀತದ."

ಇದು ಪ್ರತಿ ಭಾನುವಾರದ ಮಾತಾಯಿತು. ಆ ಚಳಿಗಾಲವೆಲ್ಲ ಬಳ್ಳಾರಿಯಿಂದ ಮೊದಲ ಬಸ್ಸಿಗೆ ಹೊರಟು, ಕಿಟಕಿಯಿಂದ ಬರುವ ಕುಳಿರ್ಗಾಳಿಗೆ ರಾಯರು ಕಿವಿಗೆ ಮಫ್ಲರು ಸುತ್ತಿಕೊಂಡು, ಕುರುಗೋಡಿನಲ್ಲಿ ಇಳಿದು, ಹತ್ತಿ ಬಿಡಿಸುವ ಹೊಲಗಳನ್ನೂ ಕೆಂಪಗೆ ಹರಡಿದ ಮೆಣಸಿನಕಾಯಿ ಕಣಗಳನ್ನೂ ದಾಟಿ ನಡೆಯುತ್ತಿದ್ದೆವು. ಮೆಣಸಿನ ಘಾಟಿಗೆ ರಾಯರು ಸೀನುತ್ತಿದ್ದರು. ಗುಡ್ಡ ಹತ್ತಿ ಹಗ್ಗ ಹಿಡಿದು ಅಳೆಯುತ್ತಿದ್ದೆವು. ಯಾವ ತಿರುವಿನಲ್ಲಿ ವಯಸ್ಸಾದವರು ಕೂತು ಉಸಿರು ಬಿಡಬಹುದು, ಎಲ್ಲಿ ಕೈಗೆ ಆಸರೆ ಬೇಕು, ಯಾವ ಪೊದೆಯಲ್ಲಿ ಗೌಜಲ ಹಕ್ಕಿ ಮರಿ ಮಾಡುವ ಕಾಲಕ್ಕೆ ಹಾದಿ ಮುಚ್ಚಬೇಕು. ನಾನು ನಕ್ಷೆಯ ಮೇಲೆ ಹಸಿರು ಶಾಯಿಯಲ್ಲಿ ಹಾದಿ ಎಳೆಯುತ್ತಿದ್ದೆ. ಇಳಿದು ಬಂದರೆ ನನಗೂ ಗಾದಿಲಿಂಗಪ್ಪನಿಗೂ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಎಳೆ ಸವತೆಕಾಯಿ. ಮರದ ಆಚೆ ಬದಿಯಲ್ಲಿ ರಾಯರ ಬೆನ್ನು. ಎರ್ರೆಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಆ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು ಎಂದು ಗಾದಿಲಿಂಗಪ್ಪ ಆಣೆಯಿಟ್ಟು ಹೇಳುತ್ತಿದ್ದ.

ಆಮೇಲೆ ನನಗೆ ಎಷ್ಟೋ ಊರುಗಳಿಗೆ ವರ್ಗವಾಯಿತು. ದೊಡ್ಡ ದೊಡ್ಡ ಯೋಜನೆಗಳಿಗೆ ನಕ್ಷೆ ಬರೆದೆ. ಆದರೆ ಬರುವವರು ಯಾರೆಂದೇ ತಿಳಿಯದೆ, ಅವರ ಮಂಡಿನೋವನ್ನು ನೆನೆದು ಕಲ್ಲಿನ ಮೇಲೆ ಕಲ್ಲಿಟ್ಟು ಮೆಟ್ಟಿಲು ಯೋಚಿಸಿದ ಆ ಸುಖ ಮತ್ತೆ ಸಿಗಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದಾಗ ಉತ್ತರ ಬಂತು. ಬೆಂಗಳೂರಿನಿಂದ ಒಬ್ಬ ಅಧಿಕಾರಿ ಸ್ಥಳ ನೋಡಲು ಬರುತ್ತಾರೆ. ಅವರು ಬರೆದದ್ದರ ಮೇಲೆ ಕಲ್ಲಿನ ಗುತ್ತಿಗೆಯೋ ನಮ್ಮ ಹಾದಿಯೋ ತೀರ್ಮಾನವಾಗುತ್ತದೆ. ರಾಯರು ಪತ್ರವನ್ನು ಎರ್ರೆಮ್ಮನಿಗೆ ಓದಿ ಹೇಳಿದರು. ಅವಳು, "ಏನ್ ಉಣ್ತಾರ್ರಿ ಅವ್ರು?" ಎಂದು ಮಾತ್ರ ಕೇಳಿದಳು.

ಅಧಿಕಾರಿ ಬರುವ ದಿನ ನಾವು ಅವರ ಜೀಪಿನಲ್ಲೇ ಹೋದೆವು. ದೂರದಿಂದಲೇ ಸುಣ್ಣದ ವಾಸನೆ. ಕೇರಿಯ ಗೋಡೆಗಳೆಲ್ಲ ಬೆಳ್ಳಗೆ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಹಾದಿಯ ಎರಡೂ ಬದಿಯ ಕಲ್ಲುಗಳಿಗೆ ಸುಣ್ಣ. ಬೀಗರು ಬಂದರೆ, ದೊಡ್ಡವರು ಬಂದರೆ ಸುಣ್ಣ ಕಾಣದ ಗೋಡೆ ಇರಬಾರದು. ಅದು ಅಲ್ಲಿಯ ಮರ್ಯಾದೆ. ರಾಯರು ಖುಷಿಯಿಂದ ನನ್ನ ತೊಡೆ ತಟ್ಟಿದರು.

ಗುಡ್ಡ ಹತ್ತಿದೆವು. ಮೇಲಿನ ಕೊನೆಯ ತಿರುವು ದಾಟಿ ಕರಿಬಂಡೆಗಳ ಎದುರಿಗೆ ಬಂದಾಗ ರಾಯರ ಕೈ ನನ್ನ ತೋಳನ್ನು ಹಿಡಿದುಕೊಂಡಿತು.

ಗೂಳಿಗಳೆಲ್ಲ ಬೆಳ್ಳಗಿದ್ದವು. ಒಂದೊಂದರ ಗೆರೆಯನ್ನೂ ಬಿಡದೆ, ಮೈತುಂಬ ಸುಣ್ಣ ತುಂಬಿದ್ದರು. ಕೊಂಬುಗಳಿಗೆ ಕೆಮ್ಮಣ್ಣು ಬಳಿದಿದ್ದರು. ಕೆಲವಕ್ಕೆ ಹಣೆಗೆ ಕುಂಕುಮವೂ ಇತ್ತು.

ಅಧಿಕಾರಿ ಕನ್ನಡಕ ಒರೆಸಿಕೊಂಡು ಹತ್ತಿರ ಹೋದರು. "ಇದನ್ನ ಯಾವಾಗ ಬರೆದಿದ್ದು?" ಎಂದು ಕೇಳಿದರು.

ಗಾದಿಲಿಂಗಪ್ಪ ಎದೆಯುಬ್ಬಿಸಿ, "ನಿನ್ನಿ ಸಂಜಿ ಮುಂದ ಮುಗೀತ್ರಿ ಸಾಹೇಬ್ರ. ಇಡೀ ಕೇರಿ ಹೆಣ್ಮಕ್ಕಳು ಹತ್ತಿದ್ರು" ಎಂದ.

ರಾಯರು ತಡಬಡಿಸಿದರು. ಕೆಳಗಿರುವ ಗೂಳಿ ಹಳೆಯದು, ಮೇಲಿನ ಸುಣ್ಣ ಮಾತ್ರ ಹೊಸದು, ಸಾವಿರಾರು ವರ್ಷದ್ದು ಸ್ವಾಮಿ, ಎಂದೆಲ್ಲ ಹೇಳಿದರು. ಗಾದಿಲಿಂಗಪ್ಪನಿಗೆ ಏನು ಕೆಟ್ಟಿತೆಂದೇ ತಿಳಿಯಲಿಲ್ಲ.

"ಅಲ್ರಿ ರಾಯರ, ಮಂದಿಗೆ ತೋರಸೂ ಎತ್ತು. ಮೈ ತೊಳೀದ, ಕೊಂಬಿಗೆ ಬಣ್ಣ ಹಚ್ಚದ ಹಂಗ ಎದುರಿಗೆ ನಿಂದರಸಾಕ ಆಗತೈತೇನ್ರಿ? ಹತ್ತು ಮಾರು ದೂರಿಂದ ಕಾಣಬೇಕಂತ ಮಾಡೀವಿ."

ಅಧಿಕಾರಿ ಕೆಟ್ಟವರಲ್ಲ. ಬಹಳ ಹೊತ್ತು ಬಂಡೆಗಳ ನಡುವೆ ಓಡಾಡಿದರು. ಒಂದು ಸಂದಿನಲ್ಲಿ ಹೆಂಗಸರ ಕಣ್ಣಿಗೆ ಬೀಳದೆ ಉಳಿದಿದ್ದ ಸಣ್ಣದೊಂದು ಗೂಳಿಯ ಮುಂದೆ ಮಂಡಿಯೂರಿ ಕೂತರು. ಎದ್ದು ಬಂದು, "ಮಾಸ್ಟ್ರೇ, ನೀವು ಹೇಳೋದು ನಿಜ ಅನ್ಸುತ್ತೆ. ಆದ್ರೆ ನಾನು ಕಂಡಿದ್ದನ್ನ ತಾನೇ ಬರೀಬೇಕು. ಈ ಸುಣ್ಣ ಹೋದ್ಮೇಲೆ ಇನ್ನೊಂದ್ಸಲ ಬಂದು ನೋಡ್ಬೇಕಾಗುತ್ತೆ" ಎಂದರು.

ಇನ್ನೊಂದು ಸಲ ಅಂದರೆ ಏನೆಂದು ಕಚೇರಿಯಲ್ಲಿದ್ದ ನನಗೆ ಗೊತ್ತಿತ್ತು. ಕೆಳಗಿಳಿದೆವು.

ಎರ್ರೆಮ್ಮನ ಮನೆಯಲ್ಲಿ ಎಲೆ ಹಾಕಿತ್ತು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಕೆನೆಮೊಸರು. ನಮ್ಮ ಮುಖ ನೋಡಿಯೇ ಅವಳಿಗೆ ಗುಡ್ಡದ ಮೇಲಿನ ಸುದ್ದಿ ತಿಳಿಯಿತು. ಏನೂ ಕೇಳದೆ ಕೈಗೆ ನೀರು ಹಾಕಿದಳು. ಅಧಿಕಾರಿ ಕೂತರು, ನಾನು ಕೂತೆ. ರಾಯರು ಬಾಗಿಲಲ್ಲೇ ನಿಂತರು.

"ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ," ಎಂದರು ಅಧಿಕಾರಿ. ರಾಯರು ಕದಲಲಿಲ್ಲ. ಅಧಿಕಾರಿ ಕತ್ತೆತ್ತಿ ನೋಡಿದರು. "ಬಂದವರು ಈ ಮನೇಲೇ ಊಟ ಮಾಡ್ಬೇಕು ಅಂತ ಯೋಜನೇಲಿ ಬರೆದಿದೀರಿ. ನೀವು ಮಾಡೋದಿಲ್ವೇ?"

ಆಗ ರೊಟ್ಟಿ ಬುಟ್ಟಿ ಹಿಡಿದು ಬಂದ ಎರ್ರೆಮ್ಮ, ತೀರಾ ಸಹಜವಾಗಿ, "ಅವ್ರಿಗೆ ಇವತ್ತು ಏಕಾದಶಿ ಐತ್ರಿ ಸಾಹೇಬ್ರ, ಉಪವಾಸ. ಇಲ್ಲಂದ್ರ ಪ್ರತಿ ಆಯಿತಾರ ಇಲ್ಲೇ ಉಣ್ತಾರ" ಎಂದಳು.

ಒಂದು ಮಾತಿಗೆ ಮನೆ ಉಳಿಯುವುದೋ ಹೋಗುವುದೋ ಅನ್ನುವ ಹೊತ್ತು ಅದು. ಎಷ್ಟೋ ಭಾನುವಾರಗಳಿಂದ ಅವರನ್ನು ಕೆಣಕಿದವಳೇ ಅವರ ಮಾನ ಕಾಯಲು ನಿಂತಿದ್ದಳು. ರಾಯರು ಅವಳನ್ನು ಒಂದು ಕ್ಷಣ ನೋಡಿದರು. ಚಪ್ಪಲಿ ಕಳಚಿ, ಅಂಗಿಯ ತೋಳು ಮಡಚಿ, ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು.

"ಏಕಾದಶಿ ಮುಗದು ಮೂರು ದಿನ ಆತವ್ವ. ನನಗೂ ಒಂದು ಎಲಿ ಹಾಕು."

ಅವಳು ಎಲೆ ಹಾಕಿದಳು. ರಾಯರು ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ಎರಡನೆಯ ರೊಟ್ಟಿಗೆ ತಾವೇ ಕೈ ಚಾಚಿದರು.

ಜೀಪು ಹೋದ ಮೇಲೆ ನಾವು ಬಸ್ಸಿಗೆಂದು ಎದ್ದಾಗ ಎರ್ರೆಮ್ಮ ಕೇಳಿದಳು: "ಮನಿಗೆ ಹೋಗಿ ಏನಂತ ಹೇಳ್ತೀರಿ ರಾಯರ?"

ರಾಯರು ಬೆರಳು ಮೂಸಿ ನೋಡಿಕೊಂಡರು. "ನಾನೇನ್ ಹೇಳ್ಲಿ. ಎಣ್ಣಿಗಾಯಿಗೆ ಇಷ್ಟು ಬೆಳ್ಳುಳ್ಳಿ ಹಾಕಿದಿ, ಅದ ಹೇಳ್ತದ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಗಾದಿಲಿಂಗಪ್ಪನೂ ನಕ್ಕ. ನಕ್ಕು ನಕ್ಕು ಆಮೇಲೆ, "ನಾವ ಕೆಡಿಸಿದಿವೇನ್ರಿ?" ಎಂದು ಮೆಲ್ಲಗೆ ಕೇಳಿದ. ರಾಯರು ಅವನ ಹೆಗಲ ಮೇಲೆ, ಕಂಬಳಿಯ ಮೇಲೆ ಕೈಯಿಟ್ಟರು. "ಇಲ್ಲಪ್ಪಾ. ಬಹಳ ಛಂದ ಮಾಡಿದ್ರಿ," ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಧಿಕಾರಿ ಮತ್ತೆ ಬರಲಿಲ್ಲ. ಅವರಿಗೆ ವರ್ಗವಾಯಿತೆಂದು ಕೇಳಿದೆ. ಮಳೆಗಾಲ ಹಿಡಿದು ಬಿಡುವಷ್ಟರಲ್ಲಿ ಗುಡ್ಡದ ಮೂಡಣ ಮಗ್ಗುಲನ್ನು ಗುತ್ತಿಗೆಗೆ ಕೊಟ್ಟರು. ಗೂಳಿಗಳಿರುವ ಮೇಲಿನ ಬಂಡೆಗಳನ್ನು ಬಿಟ್ಟಿದ್ದರು; ಅಷ್ಟು ಮಾತ್ರ ನಮ್ಮ ನಕ್ಷೆಯಿಂದ ಆಯಿತು ಎಂದು ರಾಯರು ಸಮಾಧಾನ ಹೇಳಿಕೊಂಡರು. ಬುಡದ ಮನೆಗಳನ್ನು ಎಬ್ಬಿಸಿದರು. ಎರ್ರೆಮ್ಮ ಹೊರಡುವ ದಿನ ನಾವು ಹೋಗಿದ್ದೆವು. ಅಣ್ಣ ಟ್ರ್ಯಾಕ್ಟರು ತಂದಿದ್ದ. ರೊಟ್ಟಿ ಬಡಿಯುವ ಕಲ್ಲು, ಹಂಚು, ಬುಟ್ಟಿಗಳನ್ನು ಅವಳೇ ಮೇಲಕ್ಕೆ ಕೊಟ್ಟಳು. ಅಣ್ಣ, "ಅಲ್ಲೆಲ್ಲಾ ಅದಾವಲ್ಲಬೇ" ಎಂದ. ಅವಳು ಕೇಳದವಳ ಹಾಗೆ ಕೊಡುತ್ತಲೇ ಇದ್ದಳು. ರಾಯರು ಅಂದು ಡಬ್ಬಿ ತಂದಿರಲಿಲ್ಲ. ಒಲೆ ಆರಿತ್ತು. ನಾವಿಬ್ಬರೂ ಉಪವಾಸ ಬಳ್ಳಾರಿಗೆ ಬಂದೆವು.

ಮರುವರ್ಷದ ಚಳಿಗಾಲ. ಯೋಜನೆಯ ಮೇಲೆ ನಮಗಿನ್ನೂ ಆಸೆ ಇದ್ದಾಗ ರಾಯರು ಧಾರವಾಡದಲ್ಲಿ ಕಾಲೇಜು ಮೇಷ್ಟ್ರಾಗಿದ್ದ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಗೂಳಿಗುಡ್ಡದ ವಿಷಯ ಹೇಳಿದ್ದರಂತೆ. ಊಟಕ್ಕೆ ಎರ್ರೆಮ್ಮನ ಮನೆ ಎಂದೂ ಹೇಳಿದ್ದರಂತೆ. ಆಮೇಲಿನದನ್ನು ತಿಳಿಸಿರಲಿಲ್ಲ. ಅವನು ತನ್ನ ಕಾಲೇಜಿನ ಮೂವರು ಹುಡುಗರನ್ನು ಕಳಿಸಿದ. ಅವರು ಕುರುಗೋಡಿನಲ್ಲಿ ಇಳಿದು ಗುಡ್ಡದ ಬುಡಕ್ಕೆ ಬಂದರೆ ಸೂರಿಲ್ಲದ ಗೋಡೆಗಳು. ಕುರಿ ಹೊಡೆದುಕೊಂಡು ಬರುತ್ತಿದ್ದ ಗಾದಿಲಿಂಗಪ್ಪನನ್ನು, "ಇಲ್ಲಿ ಎರ್ರೆಮ್ಮನವರ ಮನೆ ಯಾವುದು, ಊಟ ಅಲ್ಲಿ ಅಂತ ಹೇಳಿದಾರೆ" ಎಂದು ಕೇಳಿದರು. ಅವನು ಅವರನ್ನು ಕರೆದುಕೊಂಡು ಹೋಗಿ ಸಿರುಗುಪ್ಪದ ಬಸ್ಸು ಹತ್ತಿಸಿದ. ಸಿರುಗುಪ್ಪದಿಂದ ಯಾವುದೋ ಟ್ರ್ಯಾಕ್ಟರು ಹಿಡಿದು ದೀಪ ಹಚ್ಚುವ ಹೊತ್ತಿಗೆ ಅವರು ಹಚ್ಚೊಳ್ಳಿಯ ಆ ಅಣ್ಣನ ಮನೆ ಮುಟ್ಟಿದರು.

ಇದನ್ನೆಲ್ಲ ಆ ಹುಡುಗರೇ ಮಾರನೆಯ ಸಂಜೆ ರಾಯರ ಮನೆಯ ಪಡಸಾಲೆಯಲ್ಲಿ ಕೂತು ಹೇಳಿದರು. ಇಂದಿರಾಬಾಯಿ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

ಎರ್ರೆಮ್ಮ ಆ ರಾತ್ರಿ ಅತ್ತಿಗೆಯನ್ನು ಒಲೆಯ ಮುಂದಿನಿಂದ ಏಳಿಸಿ ತಾನೇ ರೊಟ್ಟಿ ಬಡಿದಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅವರ ಜೊತೆ ತಾನೂ ಹೊರಟಳು. ಕುರುಗೋಡಿನಲ್ಲಿ ಇಳಿದು, ಮೂವರನ್ನೂ ಗೂಳಿಗುಡ್ಡ ಹತ್ತಿಸಿ, ಬಂಡೆಗಳನ್ನು ತೋರಿಸಿ, ದೊಣಿಯ ಹತ್ತಿರ ಕೂರಿಸಿ ಉಣಿಸಿದಳು. ಕೆಳಗಿಳಿದ ಮೇಲೆ ಅವರನ್ನು ಬಳ್ಳಾರಿಯ ಬಸ್ಸಿಗೆ ಹತ್ತಿಸಿದಳು. ಬಸ್ಸು ತಿರುಗುವಾಗ ಅವರು ಕಿಟಕಿಯಿಂದ ನೋಡಿದರು. ಅವಳು ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಸಿರುಗುಪ್ಪದ ಬಸ್ಸಿಗೆ ಕಾಯುತ್ತ ನಿಂತಿದ್ದಳು.